ಮಗ್ಗದ ಮನೆಯಲ್ಲಿ ಓದುವ ಜಾಗ

ಇಳಕಲ್‌ನ ನೇಕಾರರ ಮನೆಯಲ್ಲಿ ಕುಣಿಮಗ್ಗವನ್ನು ನೆಲದಲ್ಲೇ ಗುಂಡಿ ತೋಡಿ ಹೂಡುತ್ತಾರೆ. ಸಂಜೆಯಾಯಿತೆಂದು ಎತ್ತಿಡುವ ವಸ್ತುವಲ್ಲ ಅದು. ಬೆಳಕು ಬೀಳುವ ಜಾಗ ಅದಕ್ಕೇ ಮೀಸಲು. ಟೋಪ್ ತೆನಿ ಸೆರಗಿನ ಸೀರೆ ಒಬ್ಬರ ಕೈಯಿಂದ ಆಗುವುದೂ ಅಲ್ಲ. ನೂಲು ಬಿಡಿಸುವುದು, ಕಂಡಿಕೆ ಸುತ್ತುವುದು ಮನೆಮಂದಿಯ ಕೆಲಸ. ಶಾಲೆ ಬಿಟ್ಟು ಬಂದ ಮಗು ಪುಸ್ತಕ ಎಲ್ಲಿ ಬಿಚ್ಚಬೇಕು? ಇದನ್ನು ತಂದೆತಾಯಿಯರ ಅಸಡ್ಡೆ ಎನ್ನುವವರು ಆ ಮನೆಗಳ ಅಳತೆಯನ್ನು ನೋಡಿರಲಾರರು.

ಮುಂಬಯಿ ಆಡಳಿತದ ಸರಕಾರಿ ಶಾಲೆಗಳು ಈ ಸೀಮೆಗೆ ಬರುವ ಮೊದಲು ಗಾಂವಠಿ ಶಾಲೆಗಳು ಗುಡಿ, ಮಠಗಳ ಪಡಸಾಲೆಯಲ್ಲಿ ನಡೆಯುತ್ತಿದ್ದವು. ಮಸೀದಿಯ ಅಂಗಳದಲ್ಲಿ ಮಕ್ಕಳು ಕುರ್‌ಆನ್ ಓದಲು ಕಲಿಯುತ್ತಿದ್ದರು. ಕಟ್ಟಡವಿರಲಿಲ್ಲ, ಕೂರಲು ನೆರಳಿತ್ತು. ಆ ಶಾಲೆಗಳ ಬಾಗಿಲು ಎಲ್ಲ ಜಾತಿಗೂ ತೆರೆದಿರಲಿಲ್ಲ ಎಂಬುದೂ ನಿಜ.

ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ಹಳೆಯ ಓಣಿಗಳು ಮುಳುಗಿ, ಜನ ನವನಗರಕ್ಕೆ ಹೋದರು. ಸೆಕ್ಟರುಗಳು ಬಂದವು, ಅಗಲ ರಸ್ತೆಗಳು ಬಂದವು. ಮನೆಮುಂದಿನ ಕಟ್ಟೆಗೆ, ಅಲ್ಲಿ ಕೂತು ಓದುತ್ತಿದ್ದ ಮಕ್ಕಳ ಮೇಲೆ ಕಣ್ಣಿಡುತ್ತಿದ್ದ ನೆರೆಯವರಿಗೆ ಪರಿಹಾರಧನದ ಲೆಕ್ಕದಲ್ಲಿ ಕಲಮು ಇರಲಿಲ್ಲ.

2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ವಿದ್ಯಾಗಮದ ಶಿಕ್ಷಕರು ಮತ್ತೆ ಗುಡಿಯ ಅಂಗಳ, ಮರದ ನೆರಳನ್ನೇ ಹುಡುಕಿದರು. ಅದೇ ವರ್ಷ ‘ಓದುವ ಬೆಳಕು’ ಅಭಿಯಾನ ಆರಂಭವಾಗಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಶಾಲೆ ಬಿಟ್ಟ ಮೇಲೆ ಹೋಗಿ ಕೂರಲು ಹಳ್ಳಿಯ ಮಗುವಿಗೆ ಒಂದು ಕೋಣೆಯಾಯಿತು. ಆದರೆ ಇಳಕಲ್ ನಗರಸಭೆಯ ಊರು. ಪಂಚಾಯಿತಿಯ ಯೋಜನೆ ಅದರ ನೇಕಾರರ ಓಣಿಗಳಿಗೆ ಅನ್ವಯಿಸುವುದಿಲ್ಲ.