ಸೋಲ್ಡರ್ ಪರೀಕ್ಷೆಗೆ ಬಂದ ನಾಲ್ಕು ವೈರ್

ಎಂಟೆಕ್ ಪ್ರಾಜೆಕ್ಟ್ ಡೆಮೊ ಹಿಂದಿನ ರಾತ್ರಿ ನನ್ನ ಎಫ್‌ಪಿಜಿಎ ಬೋರ್ಡ್ ಮಾತಾಡೋದನ್ನೇ ನಿಲ್ಲಿಸಿತು. ಎಫ್‌ಪಿಜಿಎ ಅಂದ್ರೆ, ಕೊಂಡ ಮೇಲೂ ಒಳಗಿನ ಲಾಜಿಕ್ಕನ್ನು ನಾವೇ ಬರೆಯಬಹುದಾದ ಚಿಪ್. ಗಿಗಾಬೈಟ್‌ಗಟ್ಟಲೆ ಜಾಗ ತಿನ್ನೋ ಕಂಪನಿ ಸಾಫ್ಟ್‌ವೇರ್ ಹೇಳಿದ್ದು ಇಷ್ಟೇ: ಡಿವೈಸ್ ಸಿಗಲಿಲ್ಲ. ಯಾಕೆ ಅಂತ ಹೇಳಲ್ಲ.

ಸೀನಿಯರ್ ಒಬ್ಬರು ಟರ್ಮಿನಲ್ ತೆಗೆದು ಓಪನ್‌ಒಸಿಡಿ ಓಡಿಸಿದರು. ಚಿಪ್ಪಿನ ಗುರುತಿನ ಸಂಖ್ಯೆ ಬರಬೇಕಾದ ಕಡೆ ಬರೀ ಒಂದುಗಳು ಬಂದವು. "ಟಿಡಿಒ ವೈರ್ ನೋಡಪ್ಪ" ಅಂದರು. ನೋಡಿದರೆ ಅದು ಸಡಿಲವಾಗಿತ್ತು.

ಬರೀ ಒಂದುಗಳಿಂದ ವೈರ್ ಹೇಗೆ ಗೊತ್ತಾಯ್ತು? ಅದಕ್ಕೆ 1980ರ ದಶಕಕ್ಕೆ ಹೋಗಬೇಕು. ಆಗ ಬೋರ್ಡ್ ಪರೀಕ್ಷೆ ಅಂದ್ರೆ ಮೊಳೆ ಹಾಸಿಗೆಯಂಥ ಸೂಜಿಗಳ ಮೇಲೆ ಬೋರ್ಡನ್ನು ಒತ್ತೋದು. ಚಿಪ್ಪುಗಳ ಕಾಲು ಒತ್ತೊತ್ತಾಗುತ್ತಾ ಹೋದ ಹಾಗೆ ಸೂಜಿ ಇಡೋಕೆ ಜಾಗವೇ ಉಳಿಯಲಿಲ್ಲ. 1985ರಲ್ಲಿ ಕೆಲವು ಕಂಪನಿಗಳು ಸೇರಿ ಗುಂಪು ಕಟ್ಟಿದವು, ಅದೇ ಜೆಟ್ಯಾಗ್. 1990ರಲ್ಲಿ ಅವರ ಕೆಲಸ ಐಇಇಇ 1149.1 ಅನ್ನೋ ಸ್ಟ್ಯಾಂಡರ್ಡ್ ಆಯ್ತು. ಉಪಾಯ ಸರಳ. ಪ್ರತಿ ಪಿನ್ನಿನ ಹಿಂದೆ ಒಂದು ಪುಟ್ಟ ಕೋಶ ಇಟ್ಟು, ಎಲ್ಲವನ್ನೂ ಸರಪಳಿ ಮಾಡಿ, ಬಾವಿಯಿಂದ ಸಾಲಾಗಿ ನಿಂತು ಕೊಡ ದಾಟಿಸಿದ ಹಾಗೆ ಬಿಟ್‌ಗಳನ್ನು ದಾಟಿಸೋದು. ಟಿಡಿಐಯಲ್ಲಿ ಒಳಗೆ ಹೋದದ್ದು ಟಿಡಿಒದಲ್ಲಿ ಹೊರಗೆ ಬರುತ್ತೆ. ಟಿಸಿಕೆ ತಾಳ ಹಾಕುತ್ತೆ, ಟಿಎಂಎಸ್ 16 ಸ್ಥಿತಿಗಳ ಯಂತ್ರವೊಂದನ್ನು ನಡೆಸುತ್ತೆ. ಆ ಕೊನೆಯ ವೈರ್ ಕಳಚಿದರೆ, ಸಾಮಾನ್ಯವಾಗಿ ಕೇಬಲ್ ಕಡೆಯ ಪುಲ್‌ಅಪ್ಪೇ ಓದಿಗೆ ಸಿಗೋದು: ಒಂದು, ಒಂದು, ಒಂದು.

ಸೋಲ್ಡರ್ ಸರಿಯಿದೆಯಾ ಅಂತ ನೋಡೋಕೆ ಮಾಡಿದ ಈ ಬಾಗಿಲಿಂದಲೇ ಚಿಪ್ ಕಂಪನಿಗಳು ಪ್ರೋಗ್ರಾಮನ್ನೂ ಒಳಗೆ ಕಳಿಸತೊಡಗಿದವು. ಬಾಗಿಲು ಎಲ್ಲರಿಗೂ ಗೊತ್ತಿತ್ತು. ಒಳಗೆ ಹೋಗೋ ಬಿಟ್‌ಸ್ಟ್ರೀಮಿನಲ್ಲಿ ಯಾವ ಬಿಟ್ ಏನು ಮಾಡುತ್ತೆ ಅನ್ನೋದು ಗುಟ್ಟು. ನನಗೆ ಸಿಟ್ಟು ಬರೋದು ಇಲ್ಲೇ. ಯಾಕಂದ್ರೆ ಮೊದಲು ಹೀಗಿರಲಿಲ್ಲ. 1978ರಲ್ಲಿ ಬಂದ ಪ್ಯಾಲ್ ಚಿಪ್ಪುಗಳ ಕಾಲದಲ್ಲಿ ಯಾವ ಫ್ಯೂಸ್ ಸುಡಬೇಕು ಅನ್ನೋ ಜೆಡೆಕ್ ಫೈಲು ಮಾಮೂಲಿ ಟೆಕ್ಸ್ಟ್ ಫೈಲು. ಸೊನ್ನೆ, ಒಂದು ಕಣ್ಣಿಗೇ ಕಾಣ್ತಿದ್ದವು. 1985ರಲ್ಲಿ ಜೈಲಿಂಕ್ಸ್‌ನ ಎಕ್ಸ್‌ಸಿ2064 ಬಂತು, 64 ಲಾಜಿಕ್ ಬ್ಲಾಕ್‌ಗಳ ಮೊದಲ ಎಫ್‌ಪಿಜಿಎ. ಅಲ್ಲಿಂದ ಮುಂದೆ ಕಂಪನಿಯ ಟೂಲ್ ಇಲ್ಲದೆ ಕೊಂಡ ಚಿಪ್ಪೂ ಕಲ್ಲೇ.

2015ರಲ್ಲಿ ಕ್ಲೇರ್ ವುಲ್ಫ್ ಮತ್ತು ಮಥಿಯಾಸ್ ಲಾಸರ್ ಲ್ಯಾಟಿಸ್ ಕಂಪನಿಯ ಐಸ್40 ಚಿಪ್ಪಿನ ಗುಟ್ಟು ಬಿಡಿಸಿದರು. ಕಂಪನಿ ಟೂಲಿಗೇ ಚಿಕ್ಕ ಚಿಕ್ಕ ಡಿಸೈನ್ ಕೊಟ್ಟು, ಏನು ಬದಲಿಸಿದರೆ ಯಾವ ಬಿಟ್ ಬದಲಾಗುತ್ತೆ ಅಂತ ಹೋಲಿಸುತ್ತಾ ಹೋದರು. ಅದೇ ಪ್ರಾಜೆಕ್ಟ್ ಐಸ್‌ಸ್ಟಾರ್ಮ್. ವೆರಿಲಾಗನ್ನು ಯೋಸಿಸ್ ಗೇಟ್‌ಗಳಾಗಿ ಮಾಡುತ್ತೆ, ಅರಾಕ್ನೆ-ಪಿಎನ್ಆರ್ ಅವನ್ನು ಚಿಪ್ಪಿನಲ್ಲಿ ಕೂರಿಸುತ್ತೆ, ಐಸ್‌ಪ್ಯಾಕ್ ಬಿಟ್‌ಸ್ಟ್ರೀಮ್ ಮಾಡುತ್ತೆ, ಐಸ್‌ಪ್ರೋಗ್ ಬೋರ್ಡಿಗೆ ಬರೆಯುತ್ತೆ. ನಾಲ್ಕೇ ಕಮಾಂಡ್, ಲೈಸೆನ್ಸ್ ಫೈಲ್ ಬೇಡ. ತಮಾಷೆ ಅಂದ್ರೆ ಐಸ್40ಗೆ ಜೆಟ್ಯಾಗ್ ಬಾಗಿಲೇ ಇಲ್ಲ, ಐಸ್‌ಪ್ರೋಗ್ ಎಸ್‌ಪಿಐ ಮೂಲಕ ಫ್ಲ್ಯಾಶ್‌ಗೆ ಬರೆಯುತ್ತೆ.

ಆಮೇಲೆ ಅರಾಕ್ನೆ ಜಾಗಕ್ಕೆ ನೆಕ್ಸ್ಟ್‌ಪಿಎನ್ಆರ್ ಬಂತು. ಲ್ಯಾಟಿಸ್‌ನ ಇಸಿಪಿ5 ಕೂಡ ತೆರೆಯಿತು. ನಿಜ, ಕಂಪನಿ ಟೂಲುಗಳಿಗೂ ಕಮಾಂಡ್ ಲೈನ್ ಇದೆ. ಆಫೀಸಿನ ದೊಡ್ಡ ಚಿಪ್ಪಿಗೆ ನಾನೂ ಟಿಸಿಎಲ್ ಸ್ಕ್ರಿಪ್ಟಿಂದ ಅದನ್ನೇ ಓಡಿಸ್ತೀನಿ, ಬೇರೆ ದಾರಿ ಇಲ್ಲ. ಮನೆಯಲ್ಲಿ ಮಾತ್ರ ಬೋರ್ಡ್ ರಾಸ್ಪ್‌ಬೆರಿ ಪೈಗೆ ಸಿಕ್ಕಿಸಿದೆ. ಊರಿಗೆ ಹೋದಾಗ ಅಲ್ಲಿಂದಲೇ ಎಸ್‌ಎಸ್‌ಎಚ್ ಮಾಡ್ತೀನಿ.