ಐರ್ಲೆಂಡಿನ ಟೌನ್‌ಲ್ಯಾಂಡುಗಳೂ ಹಳೆಯ ಭೂಪಟಗಳೂ

ಐರ್ಲೆಂಡನ್ನು ಬಿಟ್ಟು ಅಮೆರಿಕಕ್ಕೋ ಆಸ್ಟ್ರೇಲಿಯಕ್ಕೋ ಹೋದವರ ಸಂತತಿಯವರು ತಮ್ಮ ಪೂರ್ವಿಕರ ನೆಲೆಯನ್ನು ಅರಸಹೊರಟಾಗ ಅವರ ಕೈಯಲ್ಲಿರುವುದು ಬಹುಮಟ್ಟಿಗೆ ಒಂದು ಸ್ಥಳನಾಮ ಮಾತ್ರ. ಸಮಾಧಿಯ ಕಲ್ಲಿನ ಮೇಲೋ ಹಳೆಯ ಕಾಗದವೊಂದರಲ್ಲೋ ದೊರೆತ ಆ ಹೆಸರನ್ನೇ ನಂಬಿ ಭೂಪಟದಲ್ಲಿ ಅದನ್ನು ಹುಡುಕುವುದು ರೂಢಿ. ಈ ಕ್ರಮವು ತಲೆಕೆಳಗಾದುದೆಂದು ನನ್ನ ಅಭಿಪ್ರಾಯ. ಆ ದೇಶದಲ್ಲಿ ಹೆಸರು ಚಂಚಲವಾದುದು. ಎಲ್ಲೆಯು ಅದಕ್ಕಿಂತ ಸ್ಥಿರವಾದುದು. ಹೆಸರಿನಿಂದ ಎಲ್ಲೆಗೆ, ಎಲ್ಲೆಯಿಂದ ಮನೆಗೆ ಸಾಗತಕ್ಕ ದಾರಿಯನ್ನು ಈ ಲೇಖನದಲ್ಲಿ ನಿರೂಪಿಸಲೆಳಸಿದ್ದೇನೆ.

ಟೌನ್‌ಲ್ಯಾಂಡ್ ಎಂದೊಡನೆ ಪಟ್ಟಣವೆಂದಾಗಲಿ ಜನವಸತಿಯ ಹಳ್ಳಿಯೆಂದಾಗಲಿ ತಿಳಿಯಬಾರದು. ಅದು ನೆಲದ ಒಂದು ವಿಭಾಗ. ನಮ್ಮ ಕಂದಾಯ ಗ್ರಾಮಕ್ಕೆ ಇದನ್ನು ಸ್ಥೂಲವಾಗಿ ಹೋಲಿಸಬಹುದು. ನಮ್ಮಲ್ಲಿ ಬೇಚರಾಕ್ ಗ್ರಾಮಗಳಿರುವಂತೆ ಅಲ್ಲಿಯೂ ಒಂದು ಮನೆಯೂ ಇಲ್ಲದ ಟೌನ್‌ಲ್ಯಾಂಡುಗಳುಂಟು. ದೇಶದಲ್ಲೆಲ್ಲ ಇವುಗಳ ಸಂಖ್ಯೆ 60,000ಕ್ಕೂ ಮೇಲ್ಪಟ್ಟಿದೆ. ಹಲವು ಟೌನ್‌ಲ್ಯಾಂಡುಗಳು ಸೇರಿ ಒಂದು ಸಿವಿಲ್ ಪ್ಯಾರಿಷ್, ಅದರ ಮೇಲೆ ಬ್ಯಾರನಿ, ಅದರ ಮೇಲೆ ಕೌಂಟಿ. ಕ್ಯಾಥೊಲಿಕ್ ಇಗರ್ಜಿಯ ಪ್ಯಾರಿಷ್ ಬೇರೆ, ಸಿವಿಲ್ ಪ್ಯಾರಿಷ್ ಬೇರೆ. ಇವೆರಡನ್ನು ಒಂದೆಂದು ಭಾವಿಸಿ ದಾರಿತಪ್ಪಿದ ಶೋಧಕರು ಅನೇಕರು.

ಹೆಸರಿನ ತೊಡಕು ಎಂತಹುದೆಂಬುದಕ್ಕೆ ‘ಕಿಲ್‌ಮೋರ್’ ಎಂಬುದನ್ನು ನೋಡಬಹುದು. ಈ ಹೆಸರಿನ ಸ್ಥಳಗಳು ಹಲವು ಕೌಂಟಿಗಳಲ್ಲಿವೆ. ಇಂಗ್ಲಿಷ್ ಬರಹದ ‘ಕಿಲ್’ ಎಂಬುದರ ಹಿಂದೆ ಐರಿಷಿನ ಎರಡು ಭಿನ್ನ ಶಬ್ದಗಳು ಅಡಗಿರಬಹುದು. ಒಂದಕ್ಕೆ ಇಗರ್ಜಿಯೆಂದೂ ಇನ್ನೊಂದಕ್ಕೆ ಕಾಡೆಂದೂ ಅರ್ಥ. ‘ಬ್ಯಾಲಿ’ ಎಂಬುದು ಸಾಧಾರಣವಾಗಿ ವಾಸಸ್ಥಾನವನ್ನು ಹೇಳುವುದಾದರೂ, ಡೊನೆಗಾಲ್ ಕೌಂಟಿಯ ಬ್ಯಾಲಿಷ್ಯಾನನ್ ಎಂಬಲ್ಲಿ ಅದು ಹೊಳೆಯ ಹಾಯ್ಗಡವಿನ ಬಾಯಿ ಎಂಬರ್ಥದ ಶಬ್ದದಿಂದ ಬಂದುದು. ನಮ್ಮ ಹಳ್ಳಿ, ಹಳ್ಳಗಳು ಪರಭಾಷೆಯ ಕಡತಗಳಲ್ಲಿ ಒಂದೇ ಆಗಿ ಕುಳಿತರೆ ಆಗುವ ಗೊಂದಲವನ್ನು ವಾಚಕರೇ ಊಹಿಸಿಕೊಳ್ಳಬಹುದು. ವಲಸೆಗಾರನ ಬಾಯಿಂದ ಇಂತಹ ಹೆಸರನ್ನು ಕೇಳಿದ ಪರದೇಶದ ಗುಮಾಸ್ತನು ಕಿವಿಗೆ ಬಿದ್ದಂತೆ ಬರೆದುಕೊಂಡನು. ಆದುದರಿಂದ 1851ರ ಜನಗಣತಿಯನ್ನು ಆಧರಿಸಿ 1861ರಲ್ಲಿ ಅಚ್ಚಾದ ಟೌನ್‌ಲ್ಯಾಂಡುಗಳ ಅಕಾರಾದಿ ಸೂಚಿಯನ್ನು ತೆರೆದಾಗ ಒಂದು ಹೆಸರಿಗೆ ಹತ್ತು ಸ್ಥಳಗಳು ಎದುರಾಗಬಹುದು. ಒಂದೂ ಕಾಣದೆ ಹೋಗಲೂ ಬಹುದು. ಆದರೂ ಶೋಧಕನಿಗೆ ಮೊದಲ ಮೆಟ್ಟಿಲು ಅದೇ. ಪ್ರತಿ ಹೆಸರಿನ ಮುಂದೆ ಕೌಂಟಿ, ಬ್ಯಾರನಿ, ಪ್ಯಾರಿಷ್, ವಿಸ್ತೀರ್ಣ, ಭೂಪಟದ ಹಾಳೆಯ ಸಂಖ್ಯೆ ಇವೆಲ್ಲವೂ ಅದರಲ್ಲಿವೆ.

ಭೂಪಟಗಳಿಗೆ ಇಷ್ಟು ಬೆಲೆ ಬಂದುದಕ್ಕೆ ಒಂದು ದುರಂತವೂ ಕಾರಣ. 1922ರ ಜೂನ್ 30ರಂದು ಅಂತರ್ಯುದ್ಧದ ಆರಂಭದಲ್ಲಿ ಡಬ್ಲಿನ್ನಿನ ಸರ್ಕಾರಿ ದಾಖಲೆಗಳ ಭಂಡಾರವು ಸುಟ್ಟು, 1821ರಿಂದ 1851ರ ವರೆಗಿನ ಜನಗಣತಿಯ ಪತ್ರಗಳು ಅಲ್ಪಭಾಗದ ಹೊರತು ನಾಶವಾದವು. ಅನಂತರದ ನಾಲ್ಕು ಗಣತಿಗಳ ಪತ್ರಗಳನ್ನು ಸರ್ಕಾರವೇ ಅದಕ್ಕೆ ಮೊದಲು ಅಳಿಸಿಹಾಕಿತ್ತು. ಪೂರ್ಣವಾಗಿ ಉಳಿದ ಅತ್ಯಂತ ಹಳೆಯ ಗಣತಿ 1901ರದು. ಜನರ ಪಟ್ಟಿ ಹೋದಮೇಲೆ ನೆಲದ ಪಟ್ಟಿಯೇ ಗತಿಯಾಯಿತು.

ಅದರಲ್ಲಿ ಹಳೆಯದು ವಿಲಿಯಂ ಪೆಟ್ಟಿಯು 1650ರ ದಶಕದಲ್ಲಿ ನಡೆಸಿದ ಡೌನ್ ಸರ್ವೆ. ಕ್ರಾಮ್‌ವೆಲ್ಲನ ಪಕ್ಷದವರು ಮುಟ್ಟುಗೋಲು ಹಾಕಿದ ಭೂಮಿಯನ್ನು ಸೈನಿಕರಿಗೂ ಸಾಲ ಕೊಟ್ಟವರಿಗೂ ಹಂಚುವುದಕ್ಕಾಗಿ ನಡೆದ ಮೋಜಣಿ ಅದು. ಮುಟ್ಟುಗೋಲಾಗದ ನೆಲವು ಅದರಲ್ಲಿ ಬಹುಮಟ್ಟಿಗೆ ಬರಿದಾಗಿದೆ. ಅಲ್ಲಿ ಹೆಸರಿಲ್ಲವೆಂದರೆ ಊರೇ ಇರಲಿಲ್ಲವೆಂದು ತೀರ್ಮಾನಿಸಲಾಗದು. ಬ್ಯಾರನಿ ಭೂಪಟಗಳ ಒಂದು ಪ್ರತಿಯನ್ನು 1707ರಲ್ಲಿ ಸಮುದ್ರಮಧ್ಯದಲ್ಲಿ ಫ್ರೆಂಚರು ಸೆರೆಹಿಡಿದರು. ಅದು ಪ್ಯಾರಿಸಿನಲ್ಲಿ ಸುರಕ್ಷಿತವಾಗಿ ಉಳಿಯಿತು. ಶತ್ರುವಿನ ಕೊಳ್ಳೆಯೇ ಇಲ್ಲಿ ರಕ್ಷೆಯಾದುದು ವಿಚಿತ್ರ. ಈ ಮೋಜಣಿಯ ವಿಸ್ತೀರ್ಣಗಳು ಐರಿಷ್ ಎಕರೆಯವು. ಈಚಿನ ಲೆಕ್ಕಕ್ಕೆ ತರಲು 1.62ರಿಂದ ಗುಣಿಸಬೇಕು. ಹೆಸರು ಎಷ್ಟೇ ಬದಲಾಗಿರಲಿ, ಸುತ್ತಲಿನ ನೆರೆಯೂ ಆಕಾರವೂ ಹೀಗೆ ಗುಣಿಸಿದ ವಿಸ್ತೀರ್ಣವೂ ಹೊಂದಿದರೆ ಅದೇ ನೆಲವೆಂದು ಬಹಳಮಟ್ಟಿಗೆ ನಂಬಬಹುದು.

ತೆರಿಗೆಯನ್ನು ಸಮವಾಗಿ ಹಂಚುವ ಸಲುವಾಗಿ 1824ರಲ್ಲಿ ಮಂಜೂರಾದ ಆರ್ಡ್ನೆನ್ಸ್ ಸರ್ವೆಯು ಥಾಮಸ್ ಕೋಲ್ಬಿಯ ಮುಖಂಡತ್ವದಲ್ಲಿ ನಡೆಯಿತು. ಮೈಲಿಗೆ ಆರು ಅಂಗುಲದ ಪ್ರಮಾಣದ ಇದರ ಭೂಪಟಗಳು 1833ರಿಂದ 1846ರ ವರೆಗೆ ಕೌಂಟಿವಾರಾಗಿ ಹೊರಬಂದುವು. ಆಧಾರರೇಖೆಯನ್ನು ಅಳೆಯಲು ಕೋಲ್ಬಿಯು ರೂಪಿಸಿದ ಲೋಹದ ಸಲಾಕೆಗಳಿಗೆ ನಮ್ಮ ನಾಡಿನ ಸಂಬಂಧವೂ ಉಂಟು. ಅಂತಹ ಸಲಾಕೆಗಳನ್ನೇ ಎವರೆಸ್ಟನು ಭಾರತಕ್ಕೆ ತರಿಸಿದನು. 1841ರಲ್ಲಿ ಬೀದರಿನಲ್ಲಿಯೂ 1868ರಲ್ಲಿ ಬೆಂಗಳೂರಿನಲ್ಲಿಯೂ ಆಧಾರರೇಖೆಗಳನ್ನು ಅವುಗಳಿಂದಲೇ ಅಳೆದರು.

ಈ ಮೋಜಣಿಯಲ್ಲಿ ಹೆಸರುಗಳ ನಿರ್ಣಯಕ್ಕೆ ನೇಮಕವಾದ ವಿದ್ವಾಂಸ ಜಾನ್ ಓಡೊನೊವನ್. ಆತನು ಊರೂರು ತಿರುಗಿ, ಐರಿಷ್ ಬಲ್ಲ ಹಿರಿಯರ ಉಚ್ಚಾರಣೆಯನ್ನು ಕೇಳಿ, ಹಳೆಯ ಗ್ರಂಥಗಳೊಡನೆ ತಾಳೆನೋಡಿ, ಭೂಪಟದಲ್ಲಿ ಕೆತ್ತತಕ್ಕ ಇಂಗ್ಲಿಷ್ ರೂಪವನ್ನು ಸೂಚಿಸಿದನು. ಈ ಕಾರ್ಯವನ್ನೇ ವಸ್ತುವಾಗುಳ್ಳ ಬ್ರಯನ್ ಫ್ರೀಲನ 1980ರ ನಾಟಕ ‘ಟ್ರಾನ್ಸ್‌ಲೇಷನ್ಸ್’ ಅದನ್ನು ಭಾಷೆಯೊಂದರ ಸೋಲನ್ನಾಗಿ ಚಿತ್ರಿಸುತ್ತದೆ. ನಾಟಕದ ಮಟ್ಟಿಗೆ ಅದು ಒಪ್ಪತಕ್ಕದ್ದೇ. ಆದರೆ ಚರಿತ್ರಕಾರನು ಸರ್ವೆಯ ಹೆಸರುಪುಸ್ತಕಗಳನ್ನು ಬಿಚ್ಚಿ ನೋಡಬೇಕು. ಪ್ರತಿಯೊಂದು ಟೌನ್‌ಲ್ಯಾಂಡಿಗೂ ಅಲ್ಲಿಯವರೆಗೆ ಬಳಕೆಯಲ್ಲಿದ್ದ ನಾನಾ ಬರಹಗಳನ್ನು ಆಕರಸಹಿತ ಅವುಗಳಲ್ಲಿ ಬರೆದಿಟ್ಟಿದೆ. ಭೂಪಟವು ಕೈಬಿಟ್ಟ ರೂಪವು ಅಲ್ಲಿ ಉಳಿದಿದೆ. ವಲಸೆಗಾರನ ಮನೆಯವರು ಕಾಪಾಡಿಕೊಂಡು ಬಂದುದು ಅನೇಕವೇಳೆ ಆ ಕೈಬಿಟ್ಟ ರೂಪವನ್ನೇ.

ಟೌನ್‌ಲ್ಯಾಂಡು ಗೊತ್ತಾದ ಮೇಲೆ ಉಳಿಯುವುದು ಮನೆ. ಇದಕ್ಕೆ ರಿಚರ್ಡ್ ಗ್ರಿಫಿತ್ತನ ಮೌಲ್ಯಮಾಪನವೇ ಆಧಾರ. 1847ರಿಂದ 1864ರ ವರೆಗೆ ಅಚ್ಚಾದ ಇದರಲ್ಲಿ ಅನುಭೋಗದಾರನ ಹೆಸರು, ಅವನಿಗೆ ಭೂಮಿ ಕೊಟ್ಟವನ ಹೆಸರು, ಹಿಡುವಳಿಯ ಸಂಖ್ಯೆ ಇವು ಕ್ರಮವಾಗಿವೆ. ಅದೇ ಸಂಖ್ಯೆಯನ್ನು ಮೌಲ್ಯಮಾಪನದ ಭೂಪಟದಲ್ಲಿ ಗುರುತಿಸಿದೆ. ಮನೆಗೆ ಚಿಕ್ಕ ಅಕ್ಷರದ ಗುರುತು. ತರುವಾಯದ ತಿದ್ದುಪಡಿ ಪುಸ್ತಕಗಳಲ್ಲಿ ಹಳೆಯ ಅನುಭೋಗದಾರನ ಹೆಸರನ್ನು ಹೊಡೆದುಹಾಕಿ ಹೊಸಬನ ಹೆಸರನ್ನು ಬೇರೆ ಬಣ್ಣದ ಮಸಿಯಲ್ಲಿ ಬರೆದಿರುವುದರಿಂದ, ತಂದೆಯಿಂದ ಮಗನಿಗೆ ನೆಲವು ದಾಟಿದ ಕಾಲವನ್ನು ಸುಮಾರಾಗಿ ತಿಳಿಯಬಹುದು.

1845ರಲ್ಲಿ ಆರಂಭವಾದ ಕ್ಷಾಮದ ನಂತರದ ಗಣತಿಯಲ್ಲಿ, 1841ರಲ್ಲಿ ಸುಮಾರು 82 ಲಕ್ಷವಾಗಿದ್ದ ಜನಸಂಖ್ಯೆಯು 1851ಕ್ಕೆ ಸುಮಾರು 65 ಲಕ್ಷಕ್ಕೆ ಇಳಿದಿತ್ತು. ಕ್ಷಾಮದಲ್ಲಿಯೇ ಹೊರಟುಹೋದವನ ಹೆಸರು ಗ್ರಿಫಿತ್ತನ ಪುಸ್ತಕದಲ್ಲಿ ದೊರೆಯದಿರಬಹುದು. ಅಂತಹವನಿಗೆ 1820 ಮತ್ತು 1830ರ ದಶಕಗಳ ದಶಮಾಂಶ ತೆರಿಗೆಯ ಪುಸ್ತಕಗಳನ್ನು ನೋಡಿ, ಅನಂತರ ಮೊದಲ ಆರಂಗುಲದ ಭೂಪಟವನ್ನು 1913ರ ವೇಳೆಗೆ ಮುಗಿದ ಇಪ್ಪತ್ತೈದಂಗುಲದ ಭೂಪಟದ ಪಕ್ಕದಲ್ಲಿಡಬೇಕು. ಪಶ್ಚಿಮದ ಕೌಂಟಿಗಳ ಎಷ್ಟೋ ಹಾಳೆಗಳಲ್ಲಿ, ಮೊದಲನೆಯದರಲ್ಲಿ ಒತ್ತಾಗಿ ಗುಂಪುಗೂಡಿದ್ದ ಮನೆಗಳ ಕಪ್ಪು ಚುಕ್ಕೆಗಳು ಎರಡನೆಯದರಲ್ಲಿಲ್ಲ. ನೇರವಾದ ಬೇಲಿಗಳ ಬಯಲು ಮಾತ್ರ ಇದೆ. ಟೌನ್‌ಲ್ಯಾಂಡಿನ ಹೊರಗೆರೆಯು ಎರಡರಲ್ಲಿಯೂ ಒಂದೇ.