ಪ್ರೀಮುಸ್‌ನನ್ನು ಕಾಣಿ

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೆ ಪಟ್ಟಣದ ಗೋಡೆಯೊಂದರ ಮೇಲೆ ಬಾಡಿಗೆಯ ಜಾಹೀರಾತು ಸಿಕ್ಕಿತು. ಅಂಗಡಿಗಳು, ಅವುಗಳ ಮೇಲಿನ ಕೋಣೆಗಳು, ಮಹಡಿಮನೆಗಳು ಜುಲೈ 1ರಿಂದ ಬಾಡಿಗೆಗೆ ದೊರೆಯುತ್ತವೆ ಎಂಬುದು ಅದರ ಸಾರ. ಒಡೆಯ ನಿಗಿಡಿಯುಸ್ ಮಾಯುಸ್, ಊರಿನ ದೊಡ್ಡ ಕುಳ. ಆದರೆ ಬಾಡಿಗೆಗೆ ಬೇಕಾದವರು ಕಾಣಬೇಕಾದದ್ದು ಅವನನ್ನಲ್ಲ, ಅವನ ಗುಲಾಮ ಪ್ರೀಮುಸ್‌ನನ್ನು. ಊರಿನಲ್ಲೇ ಇದ್ದ ಒಡೆಯನ ಕಥೆಯೇ ಹೀಗಿದ್ದರೆ, ದೂರದಲ್ಲಿದ್ದವರ ಪಾಡೇನು?

ಪೊಂಪೆ ಇದ್ದ ನೇಪಲ್ಸ್ ಕೊಲ್ಲಿಯ ದಡ ರೋಮಿನ ಸಿರಿವಂತರ ವಿಹಾರತಾಣವಾಗಿತ್ತು. ರೋಮಿನಿಂದ 200 ಕಿಲೋಮೀಟರಿಗೂ ಹೆಚ್ಚಿನ ಹಾದಿ. ವಾಗ್ಮಿ ಸಿಸೆರೊಗೆ ಅಲ್ಲಿ ವಿಹಾರದ ಮನೆಗಳಿದ್ದವು. ಜೊತೆಗೆ ಪುತೆಯೋಲಿ ಎಂಬ ಬಂದರಿನಲ್ಲಿ ಉಯಿಲಿನಿಂದ ಬಂದ ಬಾಡಿಗೆ ಆಸ್ತಿಯೂ ಇತ್ತು. ಕ್ರಿ.ಪೂ. 44ರ ಏಪ್ರಿಲ್‌ನಲ್ಲಿ, ಸೀಸರನ ಕೊಲೆಯಾಗಿ ತಿಂಗಳು ಕಳೆದಿದ್ದಾಗ, ಅವನು ಗೆಳೆಯ ಅಟ್ಟಿಕುಸ್‌ಗೆ ಅಲ್ಲಿಂದ ಪತ್ರ ಬರೆದ. ತನ್ನ ಎರಡು ಅಂಗಡಿಗಳು ಕುಸಿದಿವೆ, ಉಳಿದವು ಬಿರುಕು ಬಿಟ್ಟಿವೆ, ಬಾಡಿಗೆದಾರರಷ್ಟೇ ಅಲ್ಲ ಇಲಿಗಳೂ ಜಾಗ ಖಾಲಿ ಮಾಡಿವೆ ಎಂದು ನಗೆಯಾಡಿದ. ಮತ್ತೆ ಕಟ್ಟಿಸುವ ಉಪಾಯ ಹೇಳಿಕೊಟ್ಟವನು ಆ ಊರಿನಲ್ಲೇ ಲೇವಾದೇವಿ ನಡೆಸುತ್ತಿದ್ದ ವೆಸ್ಟೋರಿಯುಸ್. ಆ ಉಪಾಯದಿಂದ ನಷ್ಟವೇ ಲಾಭವಾದೀತು ಎಂಬ ನಂಬಿಕೆ ಸಿಸೆರೊಗಿತ್ತು.

ಎಲ್ಲರಿಗೂ ಅಂಥ ನಂಬಿಕೆ ಇರಲಿಲ್ಲ. ಕೃಷಿಯ ಬಗ್ಗೆ ಬರೆದ ಕೊಲುಮೆಲ್ಲ, ದೂರದಲ್ಲಿ ಜಮೀನು ಕೊಳ್ಳುವವನು ಬದುಕಿರುವಾಗಲೇ ಆಸ್ತಿಯನ್ನು ವಾರಸುದಾರರಿಗೆ, ಅದಕ್ಕಿಂತ ಕೆಟ್ಟದಾಗಿ ತನ್ನ ಗುಲಾಮರಿಗೆ, ಬಿಟ್ಟುಕೊಟ್ಟಂತೆ ಎಂದ. ಅವನಿಗಿಂತ ಸುಮಾರು ಎರಡು ಶತಮಾನ ಹಿಂದಿನ ಕೇಟೊ, ಹೊಲಮನೆಗೆ ಬಂದಿಳಿದ ಒಡೆಯ ಲೆಕ್ಕ ಕೇಳುವ ಕ್ರಮವನ್ನೇ ಬರೆದಿಟ್ಟಿದ್ದಾನೆ. ಬಂದ ದಿನವೇ ಸುತ್ತಾಡಿ ನೋಡಬೇಕು. ಮರುದಿನ ಪಾರುಪತ್ಯಗಾರನನ್ನು ಕರೆಸಬೇಕು. ಮಳೆ ಬಂತು, ಆಳುಗಳಿಗೆ ಕಾಯಿಲೆ ಎಂದು ಅವನು ಹೇಳಿದರೆ, ಮಳೆಯಲ್ಲೂ ಮಾಡಬಹುದಾಗಿದ್ದ ಕೆಲಸಗಳನ್ನು ಎಣಿಸಿ ತೋರಿಸಬೇಕು. ಕಾಯಿಲೆ ಬಿದ್ದವರಿಗೆ ಅಷ್ಟೊಂದು ಪಡಿ ಕೊಡಬಾರದಿತ್ತು ಎಂದೂ ಹೇಳಬೇಕು.

‘ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು’ ಎಂಬ ನಮ್ಮ ಗಾದೆಯನ್ನು ಇವರಿಬ್ಬರೂ ಒಪ್ಪುತ್ತಿದ್ದರು. ಆದರೆ ಗಾದೆ ಯಾರ ಬಾಯಿಂದ ಬಂದದ್ದು ಎಂಬುದನ್ನೂ ಗಮನಿಸಬೇಕು. ರೋಮಿನ ಪಾರುಪತ್ಯಗಾರ ಸಾಮಾನ್ಯವಾಗಿ ಗುಲಾಮನೇ. ಒಡೆಯ ಬರೆದದ್ದು ನಮಗೆ ಉಳಿದಿದೆ. ಅವನ ಉತ್ತರ ಒಡೆಯನ ಬರಹದೊಳಗೆ ನೆಪವಾಗಿ ಮಾತ್ರ ಉಳಿದಿದೆ.

ಆ ಉತ್ತರ ನಿಜವೂ ಆಗಿರಬಹುದು ಎಂಬುದಕ್ಕೆ ಸೆನೆಕನ ಪತ್ರವೊಂದು ಸಾಕ್ಷಿ. ಬಹಳ ದಿನಗಳ ಮೇಲೆ ರೋಮಿನ ಹೊರವಲಯದ ತನ್ನ ಮನೆಗೆ ಹೋದ ಅವನು ದುರಸ್ತಿಯ ಖರ್ಚು ಕಂಡು ರೇಗಿದ. ತಪ್ಪು ತನ್ನದಲ್ಲ, ಮನೆಗೆ ವಯಸ್ಸಾಗಿದೆ ಎಂದ ಪಾರುಪತ್ಯಗಾರ. ಆ ಮನೆಯನ್ನು ಕಟ್ಟಿಸಿದವನು ಸೆನೆಕನೇ. ಮರಗಳು ಒಣಗಿವೆಯಲ್ಲ ಎಂದರೆ ಅದಕ್ಕೂ ಅದೇ ಉತ್ತರ. ಅವನ್ನು ನೆಟ್ಟವನೂ ಸೆನೆಕನೇ. ಬಾಗಿಲಲ್ಲಿ ಕೂತಿದ್ದ ಹಣ್ಣು ಮುದುಕನನ್ನು ನೋಡಿ ಇವನಾರೆಂದು ಕೇಳಿದಾಗ, ನನ್ನ ಗುರುತು ಸಿಗಲಿಲ್ಲವೇ, ನಾನು ಫೆಲಿಕಿಯೊ ಎಂದನಂತೆ ಆತ. ಚಿಕ್ಕಂದಿನಲ್ಲಿ ಹಬ್ಬಕ್ಕೆ ಸೆನೆಕ ಬೊಂಬೆ ತಂದುಕೊಡುತ್ತಿದ್ದ ಹುಡುಗ, ಹಿಂದಿನ ಪಾರುಪತ್ಯಗಾರನ ಮಗ.

ಈ ಭೇಟಿಯಿಂದ ಸೆನೆಕ ಕಲಿತದ್ದು ತನಗೂ ಮುಪ್ಪು ಬಂತೆಂಬ ಪಾಠವನ್ನು. ಆ ಪತ್ರ ಇಂದಿಗೂ ಪ್ರಸಿದ್ಧ. ಫೆಲಿಕಿಯೊ ಆ ಬಾಗಿಲಲ್ಲಿ ಎಷ್ಟು ವರ್ಷ ಕೂತಿದ್ದ, ಅವನಿಗೆ ಏನು ದಕ್ಕಿತು ಎಂಬುದು ಅದರಲ್ಲಿಲ್ಲ.

ಇಂದು ಬೆಂಗಳೂರಿನಲ್ಲಿದ್ದುಕೊಂಡೇ ಕೊಡಗು, ಚಿಕ್ಕಮಗಳೂರುಗಳಲ್ಲಿ ಹೋಮ್‌ಸ್ಟೇ ನಡೆಸಬಹುದು. ಬುಕಿಂಗ್, ಹಣ, ದೂರು ಎಲ್ಲವೂ ಫೋನಿನಲ್ಲೇ. ಆದರೂ ಮಳೆಗಾಲದ ರಾತ್ರಿ ಕರೆಂಟು ಹೋದಾಗ, ಹೊತ್ತು ಮೀರಿ ಬಂದ ಅತಿಥಿಗೆ ಗೇಟು ತೆಗೆಯಲು ಟಾರ್ಚು ಹಿಡಿದು ಒಬ್ಬರು ಬರಲೇಬೇಕು. ಅವರು ಗುಲಾಮರಲ್ಲ, ಸಂಬಳದವರು. ಈ ಬದಲಾವಣೆ ಸಣ್ಣದಲ್ಲ. ಆದರೆ ಅತಿಥಿಗಳು ಬರೆದುಹೋಗುವ ಹೊಗಳಿಕೆಯಲ್ಲಿ ಮನೆಯ ಹೆಸರು ಇರುವಷ್ಟು ಸಲ ಅವರ ಹೆಸರು ಇರುವುದಿಲ್ಲ. ಪೊಂಪೆಯ ಗೋಡೆ ಪ್ರೀಮುಸ್‌ನ ಹೆಸರನ್ನಾದರೂ ಬರೆದುಕೊಂಡಿತ್ತು.